ಅಹ್ಮದಿಗೆ ಹೋದ ಬೇಲಿ ದಾಸವಾಳ

ಮೊನ್ನೆ ಕದ್ರಿ ಹತ್ತಿರದ ನರ್ಸರಿಗೆ ಕರಿಬೇವಿನ ಗಿಡಕ್ಕೆಂದು ಹೋಗಿದ್ದೆ. ಅಂಗಡಿಯವನು ಕರಿಬೇವನ್ನು ಬದಿಗಿಟ್ಟು ಕೆಂಪು ಪ್ಲಾಸ್ಟಿಕ್ಕಿನ ಬಾಟಲಿಯೊಂದನ್ನು ನನ್ನ ಮೂಗಿನೆದುರು ಹಿಡಿದ. ಬುಡದ ಸುತ್ತ ಪ್ಲಾಸ್ಟಿಕ್ ಹೂಗಳು, ಒಂದೊಂದರ ನಡುವೆಯೂ ಒಂದು ತೂತು. "ಹೊಸತು ಬಂದದ್ದು ಮೇಡಂ. ಸಕ್ಕರೆ ನೀರು ಹಾಕಿ ಸಿಟೌಟಿನಲ್ಲಿ ನೇತುಹಾಕಿದ್ರೆ ಆಯ್ತು, ಹಮ್ಮಿಂಗ್‌ಬರ್ಡ್ ಹುಡುಕಿಕೊಂಡು ಬರ್ತದೆ" ಎಂದ. ನನಗೆ ತಡೆಯಲಾಗಲಿಲ್ಲ, ಗೊಳ್ಳನೆ ನಕ್ಕುಬಿಟ್ಟೆ. "ಹಕ್ಕಿ ಬರುದಿಲ್ಲ ಮಾರಾಯ, ಇರುವೆ ಬರ್ತದೆ" ಎಂದೆ. ಅವನ ಮುಖ ಸಪ್ಪಗಾಯಿತು. ಪಾಪ, ಅವನ ವ್ಯಾಪಾರ ನಾನೇಕೆ ಕೆಡಿಸಬೇಕಿತ್ತು! ಆದರೆ ಆ ಬಾಟಲಿಯನ್ನು ಕಂಡದ್ದೇ ತಡ, ನನ್ನ ಮೂಗಿಗೆ ಕೆಂಪು ಶರಬತ್ತಿನ ವಾಸನೆ ಬಡಿದಿತ್ತು. ಕರಿಬೇವಿನ ಗಿಡ ಕೈಯಲ್ಲಿ ಹಿಡಿದುಕೊಂಡು ಆಟೋದಲ್ಲಿ ಕುಳಿತವಳು ಮನೆ ತಲುಪುವವರೆಗೂ ಮನಸ್ಸಿನಲ್ಲಿ ಕುವೈತಿನ ಅಹ್ಮದಿಯಲ್ಲೇ ಇದ್ದೆ.

ಕುವೈತಿನಲ್ಲಿ ನಮ್ಮ ಕಡೆಯವರು ಹೆಚ್ಚಾಗಿ ಫ್ಲಾಟುಗಳಲ್ಲಿ ಇದ್ದವರು. ಮಣ್ಣು ಬೇಕೆಂದರೆ ಹೂಕುಂಡದಲ್ಲಿ ನೋಡಬೇಕು. ನಾವೂ ಬಹಳ ಕಾಲ ಫಹಾಹೀಲಿನಲ್ಲಿ ಇನ್ನೊಂದು ಸಂಸಾರದ ಜೊತೆ ಒಂದೇ ಅಡುಗೆಮನೆ ಹಂಚಿಕೊಂಡು ಬದುಕಿದೆವು. ನನ್ನ ಗಂಡ ವಲೇರಿಯನ್ ಎಣ್ಣೆ ಕಂಪನಿಯಲ್ಲಿ ಟೆಕ್ನಿಶಿಯನ್, ನಾನು ಫಹಾಹೀಲಿನ ಒಂದು ಟ್ರೇಡಿಂಗ್ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಒಂದು ಕೋಣೆಯಲ್ಲಿ ಮಗುವನ್ನು ಬೆಳೆಸುವುದು ಹೇಗೆ? ಮಗಳು ಶರಲ್ ಕಲ್ಯಾಣಪುರದಲ್ಲಿ ನನ್ನ ಅಮ್ಮನ ಹತ್ತಿರ ಬೆಳೆದಳು. ವರ್ಷಕ್ಕೊಮ್ಮೆ ರಜೆಯಲ್ಲಿ ಹೋದಾಗ ಚಾಕಲೇಟು ಕೊಟ್ಟು ಮುದ್ದಿಸಿ ಬರುತ್ತಿದ್ದೆವು. ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ಅಹ್ಮದಿಯಲ್ಲಿ ಕಂಪನಿಯ ಮನೆ ಸಿಕ್ಕಿತು. ಸಾಲುಮನೆಯಾದರೂ ಹಿಂದೆ ಪುಟ್ಟ ಅಂಗಳ, ಅದರ ಸುತ್ತ ಗೋಡೆ, ನಿಜವಾದ ನೆಲ. ಕೀಲಿಕೈ ಸಿಕ್ಕಿದ ವಾರವೇ ಮಗಳ ವೀಸಾಕ್ಕೆ ಓಡಾಡತೊಡಗಿದೆವು. ರಂಜಾನ್ ಮುಗಿದು ಈದ್ ಆದ ಮೇಲೆ, ಏಳು ವರ್ಷದ ಶರಲ್ ನಮ್ಮ ಮನೆಗೆ ಬಂದಳು.

ಬಂದಳು ನಿಜ, ಆದರೆ ನೆಂಟರ ಮನೆಗೆ ಬಂದ ಹಾಗೆ. ಸೋಫಾದ ಅಂಚಿನಲ್ಲಿ ಕೂರುವುದು, ಕೇಳಿದ್ದಕ್ಕೆ ಒಂದೇ ಮಾತಿನ ಉತ್ತರ, ಊಟಕ್ಕೆ ಕರೆದರೆ ಹಸಿವಿಲ್ಲ. ನಾನು ಅವಳಿಗೆಂದು ಮಾಡಿದ ದೋಸೆ ತಟ್ಟೆಯಲ್ಲೇ ಒಣಗುತ್ತಿತ್ತು. ಒಂದು ಬೆಳಿಗ್ಗೆ ಅವಳು ಅಡುಗೆಮನೆಯ ಕಿಟಕಿಯಿಂದ ಹಿಂದಿನ ಬೋಳು ಅಂಗಳವನ್ನೇ ನೋಡುತ್ತಿದ್ದುದನ್ನು ಕಂಡು ವಲೇರಿಯನ್ ಕೇಳಿದರು, "ಎಂತ ಪುಟ್ಟಿ, ಎಂತ ಹುಡುಕುದು?" ಮನೆಯಲ್ಲಿ ನಾವು ಆಡುತ್ತಿದ್ದುದು ಕೊಂಕಣಿ. ಇಲ್ಲಿ ಅದನ್ನು ನಮ್ಮ ಊರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಹೂವಕ್ಕಿ" ಎಂದಳು ಶರಲ್. "ಇಲ್ಲಿ ಹೂವಕ್ಕಿ ಇಲ್ಲ."

ನನಗೆ ಕೂಡಲೇ ಅರ್ಥವಾಯಿತು. ಅಮ್ಮನ ಮನೆಯ ಅಡುಗೆಕೋಣೆಯ ಹಿಂದೆ, ಬಾವಿಯ ಪಕ್ಕ ದಾಸವಾಳದ ಬೇಲಿ ಇದೆ. ಬೆಳಗಾದರೆ ಹೆಬ್ಬೆರಳಿನಷ್ಟೇ ಇರುವ ಪುಟ್ಟ ಹಕ್ಕಿಗಳು ಬಂದು, ಬಾಗಿದ ಕೊಕ್ಕನ್ನು ಹೂವಿನೊಳಗೆ ತೂರಿಸಿ ಜೇನು ಕುಡಿಯುತ್ತವೆ. ಪುಸ್ತಕದಲ್ಲಿ ಸೂರಕ್ಕಿ ಎನ್ನುತ್ತಾರೆ, ಅಮ್ಮ ಹೂವಕ್ಕಿ ಎನ್ನುತ್ತಿದ್ದರು. ಶರಲ್ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ಅವುಗಳನ್ನು ನೋಡುತ್ತಲೇ ತಿಂಡಿ ತಿನ್ನುತ್ತಿದ್ದವಳು. ಹಕ್ಕಿ ಒಂದು ಹೂವಿಗೆ ಹೋದರೆ ಇವಳ ಬಾಯಿಗೆ ಒಂದು ತುತ್ತು.

ವಲೇರಿಯನ್ನರಿಗೆ ಮಗಳು ಒಂದು ವಸ್ತು ಬೇಕೆಂದದ್ದೇ ದೊಡ್ಡ ಹಬ್ಬ. "ಅಷ್ಟೇಯಾ? ಹಕ್ಕಿ ತಾನೆ? ತರಿಸುವ!" ಎಂದರು, ಪೇಟೆಯಿಂದ ಪೊಟ್ಟಣ ತರಿಸುವವರಂತೆ.

"ಯಾವಾಗ ಬರ್ತದೆ?"

"ನಿನ್ನ ಶಾಲೆಗೆ ಮಾರ್ಚಿನಲ್ಲಿ ರಜೆ ಸಿಗ್ತದಲ್ಲ, ಅಷ್ಟರೊಳಗೆ."

"ಬರದಿದ್ರೆ?"

"ಬರದಿದ್ರೆ ನಿನ್ನನ್ನು ಮಾಯಿಯ ಹತ್ರ ವಾಪಸ್ ಕಳಿಸ್ತೇನೆ, ಸರಿಯಾ?"

ಅಜ್ಜಿಯನ್ನು ಅವಳು ಮಾಯ್ ಎನ್ನುತ್ತಿದ್ದಳು. ಆ ಹೆಸರು ಕೇಳಿದ್ದೇ ಅವಳ ಮುಖ ಅರಳಿತು. ಬಂದ ಮೇಲೆ ಮೊದಲ ಸಲ ನಗುವನ್ನು ಕಂಡೆ. "ಪ್ರಾಮಿಸ್ ಪಪ್ಪಾ?" ಎಂದಳು. "ಪ್ರಾಮಿಸ್" ಎಂದು ಕೈಯ ಮೇಲೆ ಕೈಯಿಟ್ಟ ಈ ಮಹಾರಾಯರನ್ನು ಅಲ್ಲೇ ಕತ್ತು ಹಿಸುಕಿಬಿಡೋಣ ಅನ್ನಿಸಿತು ನನಗೆ. ಮರುಭೂಮಿಯಲ್ಲಿ ಹೂವಕ್ಕಿ ಎಲ್ಲಿಂದ ಬರಬೇಕು? ಇಷ್ಟು ವರ್ಷ ಕಾದು ಕರೆಸಿಕೊಂಡ ಮಗಳನ್ನು ಒಂದು ಹಕ್ಕಿಯ ಮೇಲೆ ಪಣ ಕಟ್ಟಿ ಕೂತಿದ್ದರು. ಅವರಿಗೆ ಅದು ತಮಾಷೆ, ಅವಳಿಗೆ ಊರಿಗೆ ಹೋಗುವ ದಾರಿ.

ಅಹ್ಮದಿಯಲ್ಲಿ ಕೆಲಸ ಬಿಟ್ಟು ಹೋಗುವವರು ಸಾಮಾನನ್ನೆಲ್ಲ ಅಕ್ಕಪಕ್ಕದವರಿಗೆ ಹಂಚಿ ಹೋಗುವುದು ವಾಡಿಕೆ. ಹಿಂದಿನ ಸಾಲಿನ ಅಮೆರಿಕದ ಸಂಸಾರ ಹೊರಟಾಗ ವಲೇರಿಯನ್ ಇಸ್ತ್ರಿಪೆಟ್ಟಿಗೆ ತರಲು ಹೋದವರು ಕೆಂಪು ಪ್ಲಾಸ್ಟಿಕ್ ಬಾಟಲಿಯೊಂದನ್ನು ಹಿಡಿದುಕೊಂಡು ಬಂದರು. ಅಮೆರಿಕದವರು ಅದರಲ್ಲಿ ಸಕ್ಕರೆ ನೀರು ಹಾಕಿ ಹಕ್ಕಿ ಕರೆಯುತ್ತಾರಂತೆ. "ಬರೀ ಸಕ್ಕರೆ ನೀರು ಎಂತಕ್ಕೆ?" ಎಂದು ನಮ್ಮವರ ತಲೆ ಓಡಿತು. ರಂಜಾನ್ ತಿಂಗಳಲ್ಲಿ ಕುಡಿಯುವ ಕೆಂಪು ಶರಬತ್ತಿನ ಬಾಟಲಿಗಳು ಫಹಾಹೀಲಿನ ನಮ್ಮ ಸ್ನೇಹಿತ ಹಮೀದಾಕನ ಮನೆಯಿಂದ ಬಂದವು ಇನ್ನೂ ಉಳಿದಿದ್ದವು. ಬಣ್ಣವೂ ಕೆಂಪು, ಸಿಹಿಯೂ ಬೇಕಾದಷ್ಟು. ನೀರು ಬೆರೆಸದೆ ಗಟ್ಟಿಯಾಗಿಯೇ ಸುರಿದು, ಬಟ್ಟೆ ಒಣಹಾಕುವ ಹಗ್ಗಕ್ಕೆ ನೇತುಹಾಕಿದರು.

ಮಾರನೆಯ ದಿನಕ್ಕೆ ಇರುವೆಗಳು ಬಂದವು. ಆಮೇಲೆ ಕಣಜ. ಶುಕ್ರವಾರ ಪಿಕಳಾರಗಳ ಒಂದು ಸಂಸಾರವೇ ಬಂದು ಬಾಟಲಿಯ ಮೇಲೆ ಜಗಳಕ್ಕೆ ನಿಂತು ಅದನ್ನು ಬುಡಮೇಲು ಮಾಡಿತು. ವಲೇರಿಯನ್ನರ ಚರ್ಚಿಗೆ ಹೋಗುವ ಬಿಳಿ ಅಂಗಿ ಅದೇ ಹಗ್ಗದಲ್ಲಿ ಇತ್ತು. ಅದು ಕೊಲೆ ಮಾಡಿ ಬಂದವನ ಅಂಗಿಯಂತಾಯಿತು. ಶರಲ್ ಕಿಟಕಿಯಿಂದ ಇಣುಕಿ, "ಹೂವಕ್ಕಿ ಬಾಟಲಿಗೆಲ್ಲ ಬರುದಿಲ್ಲ ಪಪ್ಪಾ" ಎಂದಳು. ಅದನ್ನು ಮೊದಲೇ ಹೇಳಬಾರದಿತ್ತೇ ಎಂದರೆ, "ನೀವು ಕೇಳ್ಲಿಲ್ಲ" ಎಂಬ ಉತ್ತರ.

ಅದೇ ದಿನಗಳಲ್ಲಿ ಶಾಲೆಯಲ್ಲೊಂದು ಪ್ರಸಂಗ ನಡೆಯಿತು. ಟೀಚರು ಹಮ್ಮಿಂಗ್‌ಬರ್ಡಿನ ಚಿತ್ರ ತೋರಿಸಿದಾಗ ಇವಳು ಎದ್ದು ನಿಂತು, ಇದು ನಮ್ಮ ಅಜ್ಜಿಯ ಮನೆಯ ಹಿಂದೆ ದಿನಾ ಬರುತ್ತದೆ ಎಂದಳಂತೆ. ಆ ಹಕ್ಕಿ ಅಮೆರಿಕ ಬಿಟ್ಟು ಬೇರೆಲ್ಲೂ ಇಲ್ಲ ಎಂದರಂತೆ ಟೀಚರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮನೆಗೆ ಬಂದವಳು ಬ್ಯಾಗು ಎಸೆದು, ತಾನು ಸುಳ್ಳಿಯಲ್ಲ, ಮಾಯ್‌ಗೆ ಫೋನ್ ಮಾಡಿ ಕೇಳಿ ಎಂದು ಗಂಟಲು ಹರಿಯುವಂತೆ ಅತ್ತಳು. ಸಮಾಧಾನ ಮಾಡುತ್ತಾ ನನಗೆ ಒಳಗೊಳಗೆ ಒಂದು ಖುಷಿ. ಹುಡುಗಿ ಅಂತೂ ನನ್ನೆದುರು ಅತ್ತಳಲ್ಲ.

ವಲೇರಿಯನ್ನರ ಜೊತೆ ಕೆಲಸ ಮಾಡುತ್ತಿದ್ದ ಸಿದ್ದೀಕಿ ಸಾಹೇಬರು ಹೈದರಾಬಾದಿನವರು. ಶುಕ್ರವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ಹಕ್ಕಿ ಹಿಂದೆ ಅಲೆಯುವ ಚಟ ಅವರಿಗೆ. ಅವರ ಮುಂದೆ ಈ ಗೋಳು ತೋಡಿಕೊಂಡಾಗ ಅವರು ಹೊಟ್ಟೆ ಹಿಡಿದು ನಕ್ಕು, "ಅರೇ ಭಾಯ್, ವೋ ಹಮ್ಮಿಂಗ್‌ಬರ್ಡ್ ನಹೀಂ, ಸನ್‌ಬರ್ಡ್ ಹೈ! ಯಹಾಂ ಭೀ ಆತಾ ಹೈ ಕಭೀ ಕಭೀ" ಎಂದರಂತೆ. ಟೀಚರು ಹೇಳಿದ್ದೂ ಸರಿ, ನಮ್ಮ ಹುಡುಗಿ ಹೇಳಿದ್ದೂ ಸರಿ. ಚಿತ್ರದಲ್ಲಿದ್ದದ್ದು ಹಮ್ಮಿಂಗ್‌ಬರ್ಡ್, ನಮ್ಮ ಹೂವಕ್ಕಿ ಸನ್‌ಬರ್ಡ್. ಬೇರೆ ಬೇರೆ ಹಕ್ಕಿಗಳು, ಒಂದೇ ಕೆಲಸ. ಸಿದ್ದೀಕಿಯವರು ಚಳಿಗಾಲದಲ್ಲಿ ಒಂದೆರಡು ಸಲ ಕುವೈತಿನಲ್ಲಿಯೇ ಅದನ್ನು ನೋಡಿದ್ದರಂತೆ. ಅದಕ್ಕೆ ಬೇಕಾದದ್ದು ಬಾಟಲಿಯಲ್ಲ, ಜೇನಿರುವ ಹೂವು, ಔಷಧಿ ಹೊಡೆಯದ ಗಿಡ. ಆ ಸಂಜೆ ವಲೇರಿಯನ್ ಚುನಾವಣೆ ಗೆದ್ದವರಂತೆ ಮನೆಗೆ ಬಂದರು. "ದಾಸವಾಳ ನೆಡುವ!"

ದಾಸವಾಳದ ಕೊಂಬೆ ತರಿಸಲು ನೆನಪಾದದ್ದು ಹಮೀದಾಕ. ಫಹಾಹೀಲಿನಲ್ಲಿ ಅವರದ್ದು ಸೂಟ್‌ಕೇಸಿನ ಅಂಗಡಿ. ಊರು ಉಳ್ಳಾಲದ ಹತ್ತಿರ. ರಜೆಗೆ ಹೋಗುವ ಮಂಗಳೂರಿನವರು ಜಾತಿಮತ ಅನ್ನದೆ ಅವರಲ್ಲಿಗೆ ಬರುತ್ತಿದ್ದರು, ಸೂಟ್‌ಕೇಸಿಗೂ ಬರುತ್ತಿದ್ದರು, ಯಾರ ಪಾರ್ಸೆಲ್ ಯಾರ ಕೈಯಲ್ಲಿ ಎಂದು ತಿಳಿಯಲಿಕ್ಕೂ ಬರುತ್ತಿದ್ದರು. ಕುಚ್ಚಲಕ್ಕಿ, ಉಪ್ಪಿನಕಾಯಿ, ಒಣಮೀನು ಎಲ್ಲ ಹೀಗೇ ಒಬ್ಬರಿಂದ ಒಬ್ಬರಿಗೆ ದಾಟಿ ಬರುವುದು. "ದಾಸವಾಳದ ಗೆಲ್ಲು ಅಲ್ವಾ ಬಾಯಮ್ಮ? ಅದೆಂತ ದೊಡ್ಡ ವಿಷಯ! ಬರುವವರು ಬೇಕಾದಷ್ಟು ಜನ ಇದ್ದಾರೆ. ತರಿಸುವ" ಎಂದರು ಹಮೀದಾಕ. ನನ್ನನ್ನು ಅವರು ಕರೆಯುತ್ತಿದ್ದುದೇ ಬಾಯಮ್ಮ ಎಂದು.

ಬಂತು. ಒಂದಲ್ಲ, ಮೂರು ಸೂಟ್‌ಕೇಸಿನಲ್ಲಿ ಬಂತು. ಮೊದಲನೆಯದು ಬೇರುಸಹಿತ, ಆಗಲೇ ಮೊಗ್ಗು ಬಿಟ್ಟ ಗಿಡ. ಅರಳಿದಾಗ ನೋಡಿದರೆ ಗುಲಾಬಿ ಬಣ್ಣದ್ದು, ಪಕಳೆಯ ಮೇಲೆ ಪಕಳೆ, ಮುಷ್ಟಿಯಷ್ಟು ದಪ್ಪ. ಎರಡನೆಯದು ಹಳದಿ, ಅದಕ್ಕೂ ಹಾಗೆಯೇ ಹತ್ತು ಸುತ್ತು. ಮೂರನೆಯದು ನನ್ನ ಅಮ್ಮನೇ ಕಳಿಸಿದ್ದು, ಕೇಸರಿ ಬಣ್ಣದ ಕಸಿ. ನೋಡಲು ಒಂದಕ್ಕಿಂತ ಒಂದು ಚಂದ. ಶರಲ್ ಬೆರಳಿನಿಂದ ಪಕಳೆಗಳನ್ನು ಬಿಡಿಸುತ್ತಾ ಬಿಡಿಸುತ್ತಾ ಹೋಗಿ ಕೊನೆಗೆ, "ಇದರಲ್ಲಿ ಕೊಕ್ಕು ಹಾಕ್ಲಿಕ್ಕೆ ದಾರಿಯೇ ಇಲ್ಲ" ಎಂದಳು.

ನಾನು ಅಮ್ಮನಿಗೆ ಫೋನ್ ಮಾಡಿದೆ. "ನಮ್ಮ ಬಾವಿ ಹತ್ತಿರದ್ದು ಕಳಿಸಿ ಅಂದ್ರೆ ಇದನ್ನು ಎಲ್ಲಿಂದ ತಂದ್ರಿ?"

"ಬಾವಿ ಹತ್ತಿರದ್ದಾ? ಆ ಬೇಲಿದ್ದಾ?" ಅಮ್ಮನಿಗೆ ಆಘಾತವಾದಂತಿತ್ತು. "ಆಡು ತಿನ್ನುದನ್ನು ಕುವೈತಿಗೆ ಕಳಿಸ್ಲಿಕ್ಕೆ ಆಗ್ತದಾ? ಪಾರ್ಸೆಲ್ ತರುವವರು ಎಂತ ಹೇಳಿಯಾರು? ಪಾದ್ರಿಗಳ ಬಂಗ್ಲೆಯಿಂದ ಕೇಳಿ ತಂದದ್ದು ನಾನು."

ಹಮೀದಾಕನೂ ಅದನ್ನೇ ಹೇಳಿದರು. "ಬೇಲಿಗೆ ನೆಡುವುದನ್ನು ಯಾರಾದ್ರೂ ಪಾರ್ಸೆಲ್ ಮಾಡ್ತಾರಾ ಬಾಯಮ್ಮ? ಕೊಡುವವರ ಮರ್ಯಾದೆ ಹೋಗ್ತದೆ, ತರುವವರದ್ದೂ ಹೋಗ್ತದೆ." ನಿಜ. ಗಲ್ಫಿಗೆ ಹೋಗುವ ಪೆಟ್ಟಿಗೆಯಲ್ಲಿ ಊರಿನವರು ಇರುವುದರಲ್ಲಿ ಒಳ್ಳೆಯದನ್ನೇ ತುಂಬುತ್ತಾರೆ. ಆ ಒಳ್ಳೆಯತನವೇ ನಮಗೆ ಅಡ್ಡ ಬಂದಿತ್ತು. ಅಷ್ಟರಲ್ಲಿ ಕ್ರಿಸ್ಮಸ್ ಹತ್ತಿರವಾಗಿತ್ತು. ಮಾರ್ಚ್ ಇನ್ನೆಷ್ಟು ದೂರ? ನಾನು ಕ್ಯಾಲೆಂಡರನ್ನು ಅಡುಗೆಮನೆಯಿಂದ ತೆಗೆದು ಮಲಗುವ ಕೋಣೆಗೆ ಹಾಕಿದೆ.

ಕೊನೆಗೆ ಶರಲ್ ತಾನೇ ಫೋನ್ ಹಿಡಿದಳು. "ಮಾಯ್, ಆ ಬೇಲಿದ್ದೇ. ಕೆಂಪು. ಐದೇ ಪಕಳೆಯದ್ದು. ಬೇರೆ ಕಳಿಸಿದ್ರೆ ನಾನು ಮಾತಾಡುದಿಲ್ಲ." ಜನವರಿಯಲ್ಲಿ ಹಮೀದಾಕನ ಹೆಂಡತಿ ಜುಬೇದಾ ಅವರ ತಮ್ಮ ಬರುವಾಗ ಪಾರ್ಸೆಲ್ ತಂದರು. ಒದ್ದೆ ಬಟ್ಟೆ ಸುತ್ತಿ, ಬಾಳೆಯ ಪಟ್ಟೆಯಲ್ಲಿ ಕಟ್ಟಿದ ಬೋಳು ಕಡ್ಡಿಗಳು. ಪಕ್ಕದಲ್ಲಿ ಒಣ ಸಿಗಡಿಯ ಪೊಟ್ಟಣ ಒಡೆದು, ಕಡ್ಡಿಗಳೆಲ್ಲ ಮೀನುಪೇಟೆಯ ವಾಸನೆ ಹೊಡೆಯುತ್ತಿದ್ದವು. ತಂದವರು ನಮ್ಮ ಕೈಗೆ ಕೊಡುವಾಗ ಸಂಕೋಚದಿಂದ, "ಇದು ಸೌದೆಯಾ ಗಿಡವಾ ನನಗೆ ಗೊತ್ತಿಲ್ಲ" ಎಂದರು.

ಆ ಕಡ್ಡಿಗಳನ್ನು ಶರಲ್ ಯಾರಿಗೂ ಮುಟ್ಟಲು ಬಿಡಲಿಲ್ಲ. ಅಂಗಳದ ನಲ್ಲಿಯಲ್ಲಿ ಬರುವುದು ಸವಳು ನೀರು, ಅದನ್ನು ಹಾಕಿದ ಎರಡು ಕಡ್ಡಿ ವಾರದಲ್ಲೇ ಕಪ್ಪಾದವು. ಆಮೇಲೆ ಅವಳು ಅಕ್ಕಿ ತೊಳೆದ ನೀರನ್ನು ನನ್ನಿಂದ ವಸೂಲಿ ಮಾಡತೊಡಗಿದಳು. ನಾನು ಮರೆತು ಸಿಂಕಿಗೆ ಚೆಲ್ಲಿದರೆ ಆ ದಿನ ನನಗೆ ಕ್ಷಮೆಯಿಲ್ಲ. ಕುವೈತಿನ ಜನವರಿಯ ಚಳಿ ಹಲ್ಲು ಕಡಿಸುವಂಥದ್ದು. ವಲೇರಿಯನ್ನರ ಹಳೆಯ ಕೆಲಸದ ಅಂಗಿ ಕತ್ತರಿಸಿ ಕಡ್ಡಿಗಳಿಗೆ ಹೊದೆಸಿದಳು. ಪಕ್ಕದ ಮನೆಯ ಈಜಿಪ್ಟಿನವರ ಮಗಳು ನೂರ್ ಗೋಡೆಯ ಮೇಲಿಂದ ಇಣುಕಿ, ಅಂಗಿ ತೊಟ್ಟ ಕೋಲುಗಳನ್ನು ಕಂಡು ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇವಳು ತನಗೆ ಬಂದಷ್ಟು ಇಂಗ್ಲಿಷಿನಲ್ಲಿ, ಬಾರದ ಕಡೆ ಕೈಸನ್ನೆಯಲ್ಲಿ ವಿವರಿಸಿದಳು. ಮರುದಿನ ನೂರ್ ಅವರ ಮನೆಯ ಅಕ್ಕಿ ತೊಳೆದ ನೀರನ್ನೂ ಬಾಟಲಿಯಲ್ಲಿ ತಂದಳು.

ಫೆಬ್ರವರಿಯಲ್ಲಿ ಚಿಗುರು ಬಂತು. ಆ ದಿನ ಶರಲ್ ಎರಡು ದೋಸೆ ತಿಂದಳು. ಇನ್ನೊಂದು ಬೇಕು ಎಂದಾಗ ನಾನು ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಹೊಗೆ ಎಂದು ಹೇಳಲು ಅಲ್ಲಿ ಸೌದೆ ಒಲೆಯೂ ಇರಲಿಲ್ಲ.

ಆದರೆ ಚಿಗುರು ಬೇರೆ, ಹೂವು ಬೇರೆ. ಮಾರ್ಚ್ ಬಂತು, ಅದರ ಜೊತೆ ಧೂಳಿನ ಬಿರುಗಾಳಿ. ಮಧ್ಯಾಹ್ನವೇ ಆಕಾಶ ಕಿತ್ತಳೆಯಾಗಿ, ಬಾಗಿಲ ಸಂದಿಗೆಲ್ಲ ಒದ್ದೆ ಟವಲು ತುರುಕಿ ಕೂರುವ ದಿನಗಳು. ಗಾಳಿ ನಿಂತ ಮೇಲೆ ಇಬ್ಬರು ಹುಡುಗಿಯರೂ ಹೊರಗೆ ಓಡಿ, ಒಂದೊಂದೇ ಎಲೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಪರೀಕ್ಷೆ ಮುಗಿಯಿತು. ಹಕ್ಕಿ ಬರಲಿಲ್ಲ.

ಜುಬೇದಾ ಏಪ್ರಿಲ್ ಮೊದಲ ವಾರ ಊರಿಗೆ ಹೊರಟಿದ್ದರು. ಶರಲಳನ್ನು ಅವರ ಜೊತೆ ಕಳಿಸುವುದೆಂದು ವಲೇರಿಯನ್ ಅವಳಿಗೂ ಟಿಕೇಟು ಮಾಡಿಸಿದರು. ನಾನು ಜಗಳ ಮಾಡಿದೆ, ಮಾತು ಬಿಟ್ಟೆ. "ಮಾತು ಕೊಟ್ಟಿದ್ದೇನೆ ಮಾರಾಯ್ತಿ. ಈಗ ತಪ್ಪಿದ್ರೆ ಅವಳು ನಮ್ಮನ್ನು ಯಾವತ್ತೂ ನಂಬುದಿಲ್ಲ" ಎಂದರು. ಅವರ ಮುಖವೂ ಇಳಿದುಹೋಗಿತ್ತು. ಹಮೀದಾಕ ಮಾತ್ರ ಧೈರ್ಯ ಕಳೆದುಕೊಳ್ಳಲಿಲ್ಲ. "ಶುಕ್ರವಾರದ ಬಜಾರಿನಲ್ಲಿ ಎಂತೆಂತದೋ ಹಕ್ಕಿ ಸಿಗ್ತದೆ ವಲೇರಿಯನ್ ಭಾಯಿ. ಸಣ್ಣದು ಒಂದು ತಂದು ಅಂಗಳದಲ್ಲಿ ಬಿಡುವ. ಖಲಾಸ್! ಮಗುವಿಗೆ ಎಂತ ಗೊತ್ತಾಗ್ತದೆ?" ಎಂದರು. "ನಮ್ಮ ಮಗುವಿಗೆ ಗೊತ್ತಾಗ್ತದೆ" ಎಂದರು ವಲೇರಿಯನ್. ಆ ಸಂಕಟದಲ್ಲೂ ಅವರ ಧ್ವನಿಯಲ್ಲಿ ಹೆಮ್ಮೆಯಿತ್ತು.

ಹೊರಡುವ ಮುನ್ನಾದಿನ ಸಂಜೆ ಸೂಟ್‌ಕೇಸು ತುಂಬಿಸಿ ನಡುಮನೆಯಲ್ಲಿಟ್ಟಿದ್ದೆವು. ಶರಲ್ ನಮ್ಮಿಬ್ಬರನ್ನೂ ಅಂಗಳಕ್ಕೆ ಕರೆದು ಗಿಡಗಳ ಮುಂದೆ ನಿಲ್ಲಿಸಿದಳು. ಅವು ಆಗ ಅವಳ ಮೊಣಕಾಲಿನಷ್ಟಿದ್ದವು.

"ಪಪ್ಪಾ, ಯಾವ ನೀರು ಹಾಕ್ತೀರಿ?"

"ಇದೇ, ಪೈಪಿನದ್ದು" ಎಂದರು ವಲೇರಿಯನ್.

ಅವಳ ಹುಬ್ಬು ಮೇಲೆ ಹೋಯಿತು. "ಜೂನಿನಲ್ಲಿ ಬಿಸಿಲು ಬಂದಾಗ?"

"ಬಿಸಿಲು ಒಳ್ಳೆದಲ್ವಾ ಗಿಡಕ್ಕೆ?"

ಅವಳು ನನ್ನ ಕಡೆ ತಿರುಗಿದಳು. "ಅಕ್ಕಿ ತೊಳೆದ ನೀರನ್ನು ನೀವು ಇಡ್ತೀರಾ, ಸಿಂಕಿಗೆ ಚೆಲ್ತೀರಾ?"

"ಇಡ್ತೇನೆ" ಎಂದೆ. ಆದರೆ ಅದೇ ಮಧ್ಯಾಹ್ನ, ಪ್ಯಾಕಿಂಗಿನ ಗಡಿಬಿಡಿಯಲ್ಲಿ ಚೆಲ್ಲಿದ್ದನ್ನು ಅವಳು ನೋಡಿದ್ದಳು.

ಶರಲ್ ಸೊಂಟದ ಮೇಲೆ ಕೈಯಿಟ್ಟುಕೊಂಡು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿಮಗಿಬ್ಬರಿಗೂ ಎಂತದೂ ಗೊತ್ತಿಲ್ಲ. ನಾನು ಹೋದ್ರೆ ಇವು ಸತ್ತೇ ಹೋಗ್ತವೆ" ಎಂದಳು. ಒಳಗೆ ಹೋಗಿ ಸೂಟ್‌ಕೇಸು ತೆರೆದು ತನ್ನ ಚಪ್ಪಲಿ ಹೊರಗೆ ತೆಗೆದಳು. "ಹಕ್ಕಿ ಬರುದು ಚಳಿಗಾಲದಲ್ಲಿ ಅಂತ ಸಿದ್ದೀಕಿ ಅಂಕಲ್ ಹೇಳಿದ್ದಾರಲ್ಲ. ಈ ಸಲ ಗಿಡ ಚಿಕ್ಕದಿತ್ತು. ಮುಂದಿನ ಸಲ ನೋಡುವ" ಎಂದು, ಯಾರ ಉತ್ತರಕ್ಕೂ ಕಾಯದೆ ನೂರ್‌ಳನ್ನು ಕೂಗುತ್ತಾ ಗೋಡೆಯ ಕಡೆ ಓಡಿದಳು.

ವಲೇರಿಯನ್ ಬೇಕೆಂದೇ ತಪ್ಪು ಉತ್ತರ ಕೊಟ್ಟರೋ, ನಿಜವಾಗಿ ಗೊತ್ತಿರಲಿಲ್ಲವೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಕೇಳಿದರೆ ಮೀಸೆಯಡಿಯಲ್ಲಿ ನಗುತ್ತಾರೆ. ಜುಬೇದಾ ಮರುದಿನ ಒಬ್ಬರೇ ಹೋದರು. ಶರಲ್‌ಗೆಂದು ಇಟ್ಟುಕೊಂಡಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಹಮೀದಾಕ ಮನೆಗೇ ತಂದುಕೊಟ್ಟು, "ಇನ್ನು ನೀವು ಆ ಸೌದೆಯನ್ನು ದೇವರ ಹಾಗೆ ನೋಡಿಕೊಳ್ಳಿ" ಎಂದರು.

ಆ ಬೇಸಿಗೆ ನಮ್ಮ ರಜೆಯೂ ರದ್ದಾಯಿತು. ಗಿಡ ಬಿಟ್ಟು ಬರುವುದಿಲ್ಲ ಎಂದು ಅವಳು ಹಟ ಹಿಡಿದಳು. ಗೋಡೆಯಿಂದ ಗೋಡೆಗೆ ಗೋಣಿ ಕಟ್ಟಿ, ಅದಕ್ಕೆ ಸಂಜೆ ಸಂಜೆ ನೀರು ಚಿಮುಕಿಸಿದೆವು. ಬಾಗಿಲು ತೆರೆದರೆ ಒಲೆಯ ಮುಂದೆ ಮುಖವಿಟ್ಟ ಹಾಗಿರುವ ಆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಚಂದದ ದಾಸವಾಳಗಳು ಮೂರೂ ಸತ್ತವು. ಬೇಲಿಯದ್ದು ಉಳಿಯಿತು. ಅಕ್ಟೋಬರಿನಲ್ಲಿ ಗೋಣಿ ತೆಗೆದಾಗ ಅದು ಶರಲಳ ಎದೆಯೆತ್ತರಕ್ಕಿತ್ತು, ಮೈತುಂಬ ಮೊಗ್ಗು.

ನವೆಂಬರಿನ ಒಂದು ಶುಕ್ರವಾರ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. ಕಿಟಕಿಯಾಚೆ ಗೆಲ್ಲೊಂದು ಗಾಳಿಯಿಲ್ಲದೆ ಅಲುಗಿತು. ಎಲೆಯೇ ಇರಬೇಕು ಎಂದುಕೊಂಡೆ. ಎಲೆ ಹಾರಿ ಪಕ್ಕದ ಹೂವಿಗೆ ಹೋಯಿತು. ಹಳದಿ ಹೊಟ್ಟೆ, ಕೊರಳಿನಿಂದ ಕೆಳಗೆ ಒಂದು ಕಪ್ಪು ಗೆರೆ, ಬಾಗಿದ ಕೊಕ್ಕು. ಹೂವಿನ ಮುಂದೆ ಒಂದು ಗಳಿಗೆ ರೆಕ್ಕೆ ಬಡಿಯುತ್ತಾ ಗಾಳಿಯಲ್ಲೇ ನಿಂತು, ಆಮೇಲೆ ತೊಟ್ಟಿನ ಮೇಲೆ ಕುಳಿತು ಕೊಕ್ಕನ್ನು ಆಳಕ್ಕೆ ಇಳಿಸಿತು.

ನಾನು ಸಟ್ಟುಗ ಹಿಡಿದುಕೊಂಡೇ ನಡುಮನೆಗೆ ಓಡಿದೆ. ಶರಲ್ ಮತ್ತು ನೂರ್ ನೆಲದ ಮೇಲೆ ಬೋರಲು ಮಲಗಿ, ಬಣ್ಣದ ಕಾಗದಗಳನ್ನು ಹರಡಿಕೊಂಡು ಏನೋ ಅಂಟಿಸುತ್ತಾ, ಇಂಗ್ಲಿಷಿನಲ್ಲಿ ವಾದ ಮಾಡುತ್ತಾ ನಗುತ್ತಿದ್ದರು.

"ಪುಟ್ಟೀ, ಬಂತು! ಹೂವಕ್ಕಿ ಬಂತು, ಬೇಗ ಬಾ!" ಎಂದು ಪಿಸುಗುಟ್ಟಿದೆ.

ಅವಳು ತಲೆ ಎತ್ತಲಿಲ್ಲ. "ಟೂ ಮಿನಿಟ್ಸ್, ಮಮ್ಮಿ" ಎಂದಳು.

ನಾನು ಮತ್ತೆ ಕಿಟಕಿಯ ಬಳಿಗೆ ಬಂದೆ. ಹಕ್ಕಿ ಇನ್ನೂ ಇತ್ತು. ಕಾವಲಿಯ ಮೇಲೆ ದೋಸೆ ಸೀಯುವ ವಾಸನೆಗೆ ಎದ್ದು ಬಂದ ವಲೇರಿಯನ್, ನನ್ನ ಕಣ್ಣೀರು ನೋಡಿ ಗಾಬರಿಯಾದರು. ಆಮೇಲೆ ಹೊರಗೆ ನೋಡಿ ಬಾಯಿ ತೆರೆದವರು ಮುಚ್ಚಲಿಲ್ಲ. "ಅಯ್ಯೋ, ಶರಲ್ ಎಲ್ಲಿ? ಕರಿ ಅವಳನ್ನು! ಹಾರಿಹೋಗ್ತದೆ!"

"ಬೇಡ" ಎಂದೆ. "ಆಡ್ತಾ ಇದ್ದಾಳೆ. ಆಡ್ಲಿ ಬಿಡಿ."